ಯಂತ್ರವೂ ಲಿಪಿಕಾರನೂ

ವಿಶಾಖಪಟ್ಟಣದಲ್ಲಿ ಕೃತಕ ಬುದ್ಧಿಮತ್ತೆಯ ಮಹಾಕೇಂದ್ರವೊಂದನ್ನು ಸ್ಥಾಪಿಸುವುದಾಗಿಯೂ, ಅದಕ್ಕಾಗಿ ಐದು ವರ್ಷಗಳ ಅವಧಿಯಲ್ಲಿ ಸುಮಾರು ೧,೫೦೦ ಕೋಟಿ ಡಾಲರುಗಳನ್ನು ತೊಡಗಿಸುವುದಾಗಿಯೂ ಗೂಗಲ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ರಂದು ಪ್ರಕಟಿಸಿತು. ಆಂಧ್ರದ ಕಡಲತಡಿಯ ಈ ನಗರದ ಪಾಲಿಗೆ ಇದು ಸಂತಸದ ವಾರ್ತೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದೇ ನಗರದಲ್ಲಿಯೂ ವಿಜಯವಾಡದಲ್ಲಿಯೂ ಕಿವಿಗೆ ಹೆಡ್‌ಫೋನು ಧರಿಸಿ, ಅಮೆರಿಕದ ವೈದ್ಯರು ಹೇಳಿದ ಮಾತುಗಳನ್ನು ಅಕ್ಷರಕ್ಕಿಳಿಸಿ ಸಂಸಾರ ಸಾಗಿಸುತ್ತಿರುವ ಯುವಕ ಯುವತಿಯರ ಮನೆಗಳಲ್ಲಿ ಈ ವಾರ್ತೆಯು ಸಂತಸದೊಡನೆ ಚಿಂತೆಯನ್ನೂ ತಂದಿದೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಎಲ್ಲರೂ ಕರೆಯುವ ಈ ಕಸುಬನ್ನು ಯಂತ್ರವೇ ಮಾಡಿಬಿಡುವುದಾದರೆ ನಮ್ಮ ಗತಿಯೇನು ಎಂದು ಅವರು ಕೇಳುತ್ತಿದ್ದಾರೆ. ಹೋಟೆಲು, ಬೇಕರಿ, ಅಂಗಡಿಗಳನ್ನು ನಂಬಿ ಈ ಕಡೆ ಬಂದು ನೆಲೆಸಿದ ಕನ್ನಡಿಗರ ಮಕ್ಕಳೂ ಈ ಕಸುಬಿನಲ್ಲಿರುವುದರಿಂದ, ಈ ಪ್ರಶ್ನೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಕಸುಬು ಎಂತಹದೆಂಬುದನ್ನು ತಿಳಿಯೋಣ. ಅಮೆರಿಕದ ವೈದ್ಯನು ರೋಗಿಯನ್ನು ನೋಡಿದ ಬಳಿಕ ರೋಗಲಕ್ಷಣ, ಪರೀಕ್ಷೆ, ನಿರ್ಣಯ, ಔಷಧ ಎಲ್ಲವನ್ನೂ ಬಾಯಿಯಲ್ಲಿ ಹೇಳಿ ಧ್ವನಿಮುದ್ರಣ ಮಾಡುತ್ತಾನೆ. ಆ ಧ್ವನಿಯು ಸಮುದ್ರದಾಚೆಯಿಂದ ಇಲ್ಲಿಗೆ ಬರುತ್ತದೆ. ನ್ಯೂಯಾರ್ಕಿಗೂ ನಮಗೂ ಸುಮಾರು ಹತ್ತು ಗಂಟೆಗಳ ಅಂತರವಿರುವುದರಿಂದ, ಅಲ್ಲಿಯವರು ಮಲಗಿ ಏಳುವಷ್ಟರಲ್ಲಿ ಇಲ್ಲಿ ಬರಹ ಸಿದ್ಧವಾಗಿರುತ್ತದೆ. ಖಾಲಿ ಸ್ಥಳವೂ ಸೇರಿ ೬೫ ಅಕ್ಷರಗಳಿಗೆ ಒಂದು ಸಾಲೆಂದು ಲೆಕ್ಕ. ಸಾಲಿಗೆ ಇಷ್ಟೆಂದು ಕೂಲಿ. ಬರಹವು ಶೇಕಡ ೯೮ಕ್ಕೆ ಕಡಿಮೆಯಿಲ್ಲದಂತೆ ಶುದ್ಧವಾಗಿರಬೇಕೆಂಬುದು ಸಾಮಾನ್ಯ ಕಟ್ಟಳೆ.

ಕೇಳಿದ್ದನ್ನು ಬರೆಯುವುದಷ್ಟೇ ತಾನೆ ಎಂದು ಹೊರಗಿನವರು ಹಗುರವಾಗಿ ಭಾವಿಸಬಹುದು. ಹಾಗಲ್ಲ. ‘ಹೈಪರ್‌ಟೆನ್ಷನ್’ ಎಂದರೆ ರಕ್ತದ ಒತ್ತಡ ಏರಿರುವುದು, ‘ಹೈಪೊಟೆನ್ಷನ್’ ಎಂದರೆ ಇಳಿದಿರುವುದು. ಅವಸರದಲ್ಲಿ ಹೇಳಿದಾಗ ಎರಡೂ ಕಿವಿಗೆ ಒಂದೇ ಆಗಿ ಕೇಳುತ್ತವೆ. ‘ಡಿಸ್‌ಫೇಜಿಯ’ ಎಂಬುದು ನುಂಗುವ ತೊಂದರೆ, ‘ಡಿಸ್‌ಫೇಸಿಯ’ ಎಂಬುದು ಮಾತಿನ ತೊಂದರೆ. ‘ಇಲಿಯಮ್’ ಎಂಬ ಒಂದೇ ಉಚ್ಚಾರಣೆಯು ಕರುಳಿನ ಭಾಗವೊಂದಕ್ಕೂ ಸೊಂಟದ ಎಲುಬಿಗೂ ಸಲ್ಲುತ್ತದೆ. ಹದಿನೈದೋ ಐವತ್ತೋ ಎಂಬ ಸಂಶಯವು ಇಂಗ್ಲಿಷಿನ ಉಚ್ಚಾರದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಇವುಗಳಲ್ಲಿ ಯಾವುದು ಸರಿಯೆಂಬುದನ್ನು ಹಿಂದುಮುಂದಿನ ಸಂದರ್ಭ ತಿಳಿದವರು ಮಾತ್ರ ನಿರ್ಧರಿಸಬಲ್ಲರು. ಸಂಶಯ ನೀಗದಿದ್ದಲ್ಲಿ ಜಾಗ ಖಾಲಿ ಬಿಟ್ಟು, ವೈದ್ಯರೇ ನೋಡಲೆಂದು ಗುರುತು ಹಾಕಿ ಕಳುಹಿಸುವುದು ಒಳ್ಳೆಯ ಬರಹಗಾರರ ಲಕ್ಷಣ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

೧೯೯೦ರ ದಶಕದಲ್ಲಿ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ಬೇರೂರಿದ ಈ ಉದ್ಯಮವು ಮುಂದಿನ ದಶಕದಲ್ಲಿ ಎರಡನೆಯ ಸಾಲಿನ ನಗರಗಳಿಗೂ ಹಬ್ಬಿತು. ವಿಶಾಖಪಟ್ಟಣ, ವಿಜಯವಾಡಗಳ ಬೀದಿಗಳಲ್ಲಿ ತರಬೇತಿ ಶಾಲೆಗಳ ಫಲಕಗಳು ಎದ್ದವು. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದವರಿಗೆ, ಊರು ಬಿಡಲಾಗದ ಗೃಹಿಣಿಯರಿಗೆ, ಇದು ಗೌರವದ ದುಡಿಮೆಯಾಯಿತು. ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸವಾದ್ದರಿಂದ ಅನೇಕ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತರು. ಇದನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ಈ ಕಸುಬಿಗೆ ಬಿದ್ದ ಮೊದಲ ಪೆಟ್ಟು ಕೃತಕ ಬುದ್ಧಿಮತ್ತೆಯದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ೨೦೦೯ರಲ್ಲಿ ಅಮೆರಿಕದ ಸರಕಾರವು ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೇರಿಸಲು ಹಣದ ಪ್ರೋತ್ಸಾಹ ಕೊಡುವ ಕಾಯಿದೆ ಮಾಡಿತು. ಅಂದಿನಿಂದ ವೈದ್ಯರು ತಾವೇ ಕೀಲಿಮಣೆ ಕುಟ್ಟತೊಡಗಿದರು. ಮೊದಲೇ ಅಚ್ಚುಹಾಕಿದಂತಿರುವ ನಮೂನೆಗಳಲ್ಲಿ ಗುರುತು ಹಾಕಿ ಕೆಲಸ ಮುಗಿಸತೊಡಗಿದರು. ಹೇಳಿ ಬರೆಸುವುದೇ ಕಡಿಮೆಯಾಯಿತು. ಅದರ ಜೊತೆಯಲ್ಲಿ, ಮಾತನ್ನು ಅಕ್ಷರವಾಗಿಸುವ ಯಂತ್ರಗಳು ಬಂದವು. ಯಂತ್ರವು ಕರಡು ಸಿದ್ಧಪಡಿಸುವುದು, ನಮ್ಮವರು ಧ್ವನಿ ಕೇಳುತ್ತ ಅದನ್ನು ತಿದ್ದುವುದು ಎಂಬ ಏರ್ಪಾಡು ರೂಢಿಗೆ ಬಂತು. ಇಂತಹ ಯಂತ್ರಗಳಿಗೆ ಹೆಸರಾದ ನ್ಯೂಯಾನ್ಸ್ ಸಂಸ್ಥೆಯನ್ನು ೧,೯೭೦ ಕೋಟಿ ಡಾಲರು ಕೊಟ್ಟು ಕೊಳ್ಳುವುದಾಗಿ ಮೈಕ್ರೋಸಾಫ್ಟ್ ೨೦೨೧ರಲ್ಲಿ ಪ್ರಕಟಿಸಿ, ಮರುವರ್ಷ ವ್ಯವಹಾರವನ್ನು ಪೂರ್ಣಗೊಳಿಸಿತು. ಈಗಿನ ಯಂತ್ರವು ವೈದ್ಯನು ಹೇಳಿ ಬರೆಸಲೆಂದು ಕಾಯುವುದೂ ಇಲ್ಲ. ವೈದ್ಯ ರೋಗಿಗಳ ಸಂಭಾಷಣೆಯನ್ನು ಕೋಣೆಯಲ್ಲಿಯೇ ಆಲಿಸಿ, ಅದರಿಂದ ಬೇಕಾದುದನ್ನು ಆರಿಸಿ, ಟಿಪ್ಪಣಿಯನ್ನು ತಾನೇ ರಚಿಸುತ್ತದೆ.

ಯಂತ್ರದ ಗುಣವನ್ನು ಮುಚ್ಚಿಟ್ಟು ವಾದಿಸುವುದು ನ್ಯಾಯವಲ್ಲ. ಅಮೆರಿಕದ ವೈದ್ಯರು ಹಗಲು ರೋಗಿಗಳನ್ನು ನೋಡಿ, ರಾತ್ರಿ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಾಖಲೆ ತುಂಬಿ ಬಳಲುತ್ತಿದ್ದರು. ರೋಗಿಯ ಮುಖ ನೋಡುವುದನ್ನು ಬಿಟ್ಟು ಪರದೆಯನ್ನು ನೋಡುವ ವೈದ್ಯನಿಂದ ಯಾರಿಗೂ ಸಮಾಧಾನವಿಲ್ಲ. ಆ ಹೊರೆಯನ್ನು ಯಂತ್ರವು ಇಳಿಸುವುದಾದರೆ ಅದು ಉಪಕಾರವೇ ಸರಿ. ಯಂತ್ರಕ್ಕೆ ನಿದ್ದೆಯಿಲ್ಲ, ದಣಿವಿಲ್ಲ, ವೆಚ್ಚವೂ ಕಡಿಮೆ. ಇಷ್ಟೆಲ್ಲ ಇರುವಾಗ ಮನುಷ್ಯನೇ ಬರೆಯಬೇಕೆಂದು ಹಟ ಹಿಡಿಯುವುದು ನದಿಗೆ ಅಡ್ಡಲಾಗಿ ಕೈಚಾಚಿ ನಿಂತಂತೆ.

ಹಾಗಾದರೆ ಮನುಷ್ಯನ ಅವಶ್ಯಕತೆ ತೀರಿತೇ? ಈ ಬಗ್ಗೆ ಬಾಯಿಮಾತಿಗಿಂತ ಅಂಕಿಗಳನ್ನು ನೋಡುವುದು ಮೇಲು. ೨೦೧೮ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ೧೪೪ ವೈದ್ಯರು ಹೇಳಿದ ೨೧೭ ಟಿಪ್ಪಣಿಗಳನ್ನು ಸಂಶೋಧಕರು ಮೂರು ಹಂತಗಳಲ್ಲಿ ಪರೀಕ್ಷಿಸಿದರು. ಯಂತ್ರವು ಬರೆದಿಟ್ಟ ಕರಡಿನಲ್ಲಿ ನೂರು ಪದಗಳಿಗೆ ೭.೪ ತಪ್ಪುಗಳಿದ್ದವು. ಟ್ರಾನ್ಸ್‌ಕ್ರಿಪ್ಷನ್ ಬಲ್ಲವರು ಓದಿ ತಿದ್ದಿದ ಮೇಲೆ ಅದು ೦.೪ಕ್ಕೆ ಇಳಿಯಿತು. ಕೊನೆಗೆ ವೈದ್ಯರು ನೋಡಿ ಸಹಿ ಮಾಡಿದ ಪ್ರತಿಯಲ್ಲಿ ೦.೩ ಉಳಿಯಿತು. ವೈದ್ಯರ ಪಾಲಿಗೆ ತಿದ್ದಲು ಉಳಿದದ್ದೇ ಅಲ್ಪವಾದ್ದರಿಂದ ಅವರನ್ನು ಹಳಿಯಬೇಕಾಗಿಲ್ಲ. ಆದರೆ ದೊಡ್ಡ ಹೊರೆಯನ್ನು ಹೊತ್ತವರು ಯಾರೆಂಬುದು ಸ್ಪಷ್ಟವಿದೆ. ಹೆಸರಿಲ್ಲದೆ, ಸಾಲಿಗಿಷ್ಟು ಕೂಲಿಗೆ ದುಡಿಯುವ ಆ ನಡುವಣ ವ್ಯಕ್ತಿಯೇ ಬರಹವನ್ನು ನಂಬಿಕೆಗೆ ಯೋಗ್ಯವಾಗುವಂತೆ ಮಾಡಿದ್ದು.

ಆ ಯಂತ್ರಗಳು ಹಳೆಯವು, ಇಂದಿನವು ಬಹಳ ಸುಧಾರಿಸಿವೆ ಎಂದು ಆಕ್ಷೇಪಿಸಬಹುದು. ಸುಧಾರಿಸಿರುವುದು ನಿಜ. ಆದರೆ ಸುಧಾರಣೆಯೊಡನೆ ತಪ್ಪಿನ ಜಾತಿಯೂ ಬದಲಾಗಿದೆ. ಹಳೆಯ ಯಂತ್ರವು ತಪ್ಪಿದಾಗ ಅರ್ಥವಿಲ್ಲದ ವಾಕ್ಯ ಬರುತ್ತಿತ್ತು. ಓದಿದವನ ಕಣ್ಣಿಗೆ ಅದು ಕಲ್ಲಿನಂತೆ ತಾಗುತ್ತಿತ್ತು. ಹೊಸ ಯಂತ್ರವು ತಪ್ಪಿದಾಗ ನಯವಾದ, ವ್ಯಾಕರಣಶುದ್ಧವಾದ, ನಂಬುವಂತಹ ವಾಕ್ಯ ಬರುತ್ತದೆ. ವಿಸ್ಪರ್ ಎಂಬ ಪ್ರಸಿದ್ಧ ಧ್ವನಿಲೇಖನ ಯಂತ್ರವನ್ನು ಅಮೆರಿಕದ ವಿದ್ವಾಂಸರು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರು ಧ್ವನಿತುಣುಕುಗಳಲ್ಲಿ ಒಂದರಷ್ಟರಲ್ಲಿ ಯಾರೂ ಆಡದ ಮಾತುಗಳನ್ನೇ ಯಂತ್ರವು ಸೇರಿಸಿತ್ತು. ಅಂತಹ ಕಟ್ಟುಮಾತುಗಳಲ್ಲಿ ಶೇಕಡ ೩೮ರಷ್ಟು ಹಾನಿಕರವಾಗಬಹುದಾದವು. ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಈ ದೋಷವೂ ಹೆಚ್ಚು. ನೋವಿನಿಂದ ತಡೆತಡೆದು ಮಾತಾಡುವವನು, ಪಾರ್ಶ್ವವಾಯು ಬಡಿದು ಪದಕ್ಕಾಗಿ ತಡಕಾಡುವವನು, ಮುದುಕ, ಅಂಜುಬುರುಕ, ಇವರೇ ತಾನೆ ಆಸ್ಪತ್ರೆಗೆ ಬರುವವರು? ಅವರ ಮೌನವನ್ನು ಯಂತ್ರವು ತನ್ನ ಮಾತಿನಿಂದ ತುಂಬುವುದಾದರೆ ಆ ದಾಖಲೆಗೆ ಬೆಲೆಯೇನು? ಲೋಕದಲ್ಲಿಯೇ ಇಲ್ಲದ ಔಷಧವೊಂದರ ಹೆಸರನ್ನು ಈ ಯಂತ್ರವು ಸೃಷ್ಟಿಸಿದ ಉದಾಹರಣೆಯೂ ಆ ವರ್ಷವೇ ಸುದ್ದಿಯಾಯಿತು. ಇದೇ ಯಂತ್ರದ ಆಧಾರದ ಮೇಲೆ ವೈದ್ಯರಿಗಾಗಿ ಸಿದ್ಧವಾದ ಒಂದು ಸಾಧನವು ಮೂಲಧ್ವನಿಯನ್ನು ಅಳಿಸಿಹಾಕುತ್ತದೆಂಬ ಸಂಗತಿಯೂ ಅದರೊಡನೆ ಹೊರಬಂತು. ಗೋಪ್ಯತೆಯ ರಕ್ಷಣೆಗಾಗಿ ಹಾಗೆಂದು ಸಮಜಾಯಿಷಿ. ಮೂಲವೇ ಇಲ್ಲದ ಮೇಲೆ ನಕಲು ಸರಿಯೋ ತಪ್ಪೋ ಎಂದು ನೋಡುವವರಾರು?

ಸಂಶಯ ಬಂದಲ್ಲಿ ಜಾಗ ಖಾಲಿ ಬಿಡುವುದು ಒಳ್ಳೆಯ ಬರಹಗಾರರ ಲಕ್ಷಣವೆಂದು ಮೇಲೆ ಹೇಳಿದೆವು. ತನಗೆ ತಿಳಿಯದೆಂಬುದನ್ನು ತಿಳಿದಿರುವುದೇ ಆ ಲಕ್ಷಣದ ಮೂಲ. ಕೇಳಿಸದುದನ್ನು ಕೇಳಿಸಲಿಲ್ಲವೆಂದು ಬರೆಯುವ ಪ್ರಾಮಾಣಿಕತೆಯನ್ನು ಯಂತ್ರವು ಇನ್ನೂ ಪೂರ್ಣವಾಗಿ ಕಲಿತಿಲ್ಲ.

ಮನುಷ್ಯನು ತಪ್ಪೇ ಮಾಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ೨೦೦೮ರಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಯೊಬ್ಬರ ಪತ್ರದಲ್ಲಿ ೮ ಯೂನಿಟ್ ಇನ್ಸುಲಿನ್ ಎಂದಿರಬೇಕಾದುದು ೮೦ ಎಂದಾಯಿತು. ಬರಹದ ಕೆಲಸವು ಗುತ್ತಿಗೆಯಿಂದ ಒಳಗುತ್ತಿಗೆಗೆ ಸಾಗಿ ಭಾರತದಲ್ಲಿ ನಡೆದಿತ್ತು. ತಪ್ಪು ಯಾರ ಕಣ್ಣಿಗೂ ಬೀಳದೆ ಮುಂದಿನ ಆರೈಕೆಯ ಸ್ಥಳವನ್ನು ತಲುಪಿತು, ರೋಗಿ ತೀರಿಕೊಂಡರು. ೨೦೧೨ರಲ್ಲಿ ಅಲ್ಲಿನ ಜ್ಯೂರಿಯು ೧೪ ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು. ೨೦೦೩ರಲ್ಲಿ ಕರಾಚಿಯ ಟ್ರಾನ್ಸ್‌ಕ್ರಿಪ್ಷನ್ ಕೆಲಸಗಾರ್ತಿಯೊಬ್ಬರು ತಮಗೆ ಬರಬೇಕಾದ ಕೂಲಿ ಬರಲಿಲ್ಲವೆಂದು, ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನು ಬಯಲು ಮಾಡುವುದಾಗಿ ಬೆದರಿಸಿದ್ದೂ ಉಂಟು. ಇವೆರಡರಲ್ಲಿಯೂ ಯಂತ್ರದ ಪಾತ್ರವಿರಲಿಲ್ಲ. ಗುತ್ತಿಗೆಯ ಮೇಲೆ ಗುತ್ತಿಗೆಯಾಗಿ, ಪ್ರತಿ ಕೈಯಲ್ಲಿಯೂ ದರ ಇಳಿಯುತ್ತ, ಕೊನೆಗೆ ಬರೆದವರು ಯಾರು, ಓದಿದವರು ಯಾರು, ಹೊಣೆ ಯಾರದು ಎಂಬುದೇ ತಿಳಿಯದಂತಾದ ವ್ಯವಸ್ಥೆಯ ಫಲ ಅವು.

ಆದುದರಿಂದ ಯಂತ್ರವೋ ಮನುಷ್ಯನೋ ಎಂದು ಕೇಳುವುದೇ ಅಪೂರ್ಣವಾದ ಪ್ರಶ್ನೆಯೆಂದು ನಮಗೆ ತೋರುತ್ತದೆ. ಬರೆದುದನ್ನು ಅರ್ಥ ತಿಳಿದು ಓದಿದವರು ಯಾರು? ತಪ್ಪಿದ್ದಲ್ಲಿ ಉತ್ತರ ಹೇಳುವವರು ಯಾರು? ಇದೇ ನಿಜವಾದ ಪ್ರಶ್ನೆ. ಮಹಾಭಾರತದ ಲೇಖನಕ್ಕೆ ಗಣಪತಿಯು ಒಪ್ಪಿದಾಗ ತನ್ನ ಲೇಖನಿ ನಿಲ್ಲದಂತೆ ಹೇಳುತ್ತ ಹೋಗಬೇಕೆಂದು ನಿಬಂಧನೆ ಹಾಕಿದನೆಂಬ ಕಥೆ ಎಲ್ಲರಿಗೂ ತಿಳಿದುದೇ. ವ್ಯಾಸರು ಹಾಕಿದ ಮರುನಿಬಂಧನೆ ಅದಕ್ಕಿಂತ ದೊಡ್ಡದು: ಅರ್ಥವಾಗದೆ ಒಂದಕ್ಷರವನ್ನೂ ಬರೆಯಕೂಡದು. ವೇಗವನ್ನು ಗಣಪತಿ ಕೇಳಿದನು. ಅರ್ಥವನ್ನು ವ್ಯಾಸರು ಕೇಳಿದರು. ನಮ್ಮ ಕುಮಾರವ್ಯಾಸನು ತನ್ನನ್ನು ಲಿಪಿಕಾರನೆಂದು ಕರೆದುಕೊಂಡಾಗ ಆ ಪದಕ್ಕೆ ಇದ್ದ ಗೌರವ ಇದರಿಂದಲೇ ಬಂದುದು. ಇಂದಿನ ಯಂತ್ರವು ವೇಗದ ನಿಬಂಧನೆಯನ್ನು ಗೆದ್ದಿದೆ. ಅರ್ಥದ ನಿಬಂಧನೆಯನ್ನು ಪಾಲಿಸಲು ಇನ್ನೂ ಮನುಷ್ಯನೇ ಬೇಕಾಗಿದ್ದಾನೆ.

ಹೋಟೆಲಿನ ಅಡುಗೆಮನೆಯಿಂದ ಪತ್ರಿಕೆಯ ಮೇಜಿಗೆ ಬಂದ ನಮಗೆ ಈ ವಿಷಯದಲ್ಲಿ ಸಹಜವಾಗಿ ನೆನಪಾಗುವುದು ಗ್ರೈಂಡರು. ಹಿಂದಿನ ತಲೆಮಾರಿನಲ್ಲಿ ಅದು ಬಂದಾಗ ರುಬ್ಬುವ ಕಲ್ಲಿನ ಮುಂದೆ ಕುಳಿತವರ ಕೆಲಸ ಹೋಯಿತು. ಆದರೆ ಉದ್ದು ನೆನೆದಿದೆಯೆ, ಹಿಟ್ಟು ಹದಕ್ಕೆ ಬಂದಿದೆಯೆ, ಸೆಕೆಗಾಲದಲ್ಲಿ ಎಷ್ಟು ಹೊತ್ತಿಗೆ ಹುಳಿಯುತ್ತದೆ ಎಂದು ಕೈಯಾಡಿಸಿ ಹೇಳುವವರ ಕೆಲಸ ಹೋಗಲಿಲ್ಲ. ಕಲ್ಲು ತಿರುಗಿಸುತ್ತಿದ್ದವರಲ್ಲಿ ಹದ ಬಲ್ಲವರು ಅಡುಗೆಯವರಾದರು. ಬಲ್ಲದವರು ಬೇರೆ ದಾರಿ ನೋಡಿಕೊಂಡರು. ಈ ಎರಡನೆಯವರನ್ನು ಮರೆತು ಯಂತ್ರವನ್ನು ಹೊಗಳುವುದು ಯಜಮಾನರಿಗೆ ಸುಲಭ. ಟ್ರಾನ್ಸ್‌ಕ್ರಿಪ್ಷನ್ನಿನಲ್ಲಿಯೂ ಬರಿಯ ಟೈಪು ಮಾಡುವವರ ಕೆಲಸ ಉಳಿಯದೆಂಬುದನ್ನು ನಾವು ಮರೆಮಾಚುವುದಿಲ್ಲ. ಹದ ಬಲ್ಲವರನ್ನು ಉಳಿಸಿಕೊಳ್ಳುವುದೂ, ಉಳಿದವರಿಗೆ ಹದ ಕಲಿಸುವುದೂ ಈಗಿನ ಕೆಲಸ.

ಇದುವರೆಗೆ ಅಮೆರಿಕದ ಮಾತಾಯಿತು. ಈ ಯಂತ್ರಗಳು ನಮ್ಮ ಆಸ್ಪತ್ರೆಗಳಿಗೂ ಬರುತ್ತವೆ, ಬರಲಾರಂಭಿಸಿವೆ. ಆಗ ರೋಗಿಯ ಬಾಯಿಂದ ಬರುವುದು ಇಂಗ್ಲಿಷಲ್ಲ. ೧೯೨೩ರಿಂದ ಸೇವೆ ಸಲ್ಲಿಸುತ್ತಿರುವ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಶ್ರೀಕಾಕುಳ, ವಿಜಯನಗರಗಳ ರೈತರು ಬರುತ್ತಾರೆ. ಪಾಡೇರು, ಅರಕುಗಳ ಗಿರಿಜನರು ಬರುತ್ತಾರೆ. ಗಡಿಯಾಚೆಯ ಒಡಿಯಾ ಜನರೂ ಬರುತ್ತಾರೆ. ಉತ್ತರಾಂಧ್ರದ ಹಳ್ಳಿಯ ತೆಲುಗಿಗೂ ವಿಜಯವಾಡದ ಕೃಷ್ಣಾ ತೀರದ ತೆಲುಗಿಗೂ ಎಷ್ಟು ಅಂತರವಿದೆಯೆಂಬುದನ್ನು ಈ ಎರಡು ನಗರಗಳಲ್ಲಿ ವ್ಯಾಪಾರ ಮಾಡಿದ ನಮ್ಮವರೆಲ್ಲ ಬಲ್ಲರು. ಇವರ ನಡುವೆ, ದಶಕಗಳಿಂದ ಇಲ್ಲಿದ್ದರೂ ನೋವು ಬಂದಾಗ ಕನ್ನಡವನ್ನೋ ತುಳುವನ್ನೋ ನುಡಿಯುವ ನಮ್ಮ ಹಿರಿಯರೂ ಇದ್ದಾರೆ.

ತೆಲುಗು ಕನ್ನಡಗಳು ಒಡಹುಟ್ಟಿದ ಭಾಷೆಗಳೆಂದು ನಾವು ಹೆಮ್ಮೆಪಡುತ್ತೇವೆ. ಆಸ್ಪತ್ರೆಯಲ್ಲಿ ಈ ನೆಂಟಸ್ತಿಕೆಯೇ ಅಪಾಯಕ್ಕೆ ಕಾರಣವಾಗಬಲ್ಲದು. ಕನ್ನಡಿಗನು ‘ಆಯಾಸ’ ಎಂದರೆ ದಣಿವು. ತೆಲುಗರ ಬಾಯಲ್ಲಿ ‘ಆಯಾಸಂ’ ಎಂದರೆ ಏದುಸಿರು, ಉಸಿರಾಟದ ತೊಂದರೆ. ಕನ್ನಡದಲ್ಲಿ ‘ನೀರಸ’ವೆಂದರೆ ಸ್ವಾರಸ್ಯವಿಲ್ಲದುದು, ತೆಲುಗಿನಲ್ಲಿ ‘ನೀರಸಂ’ ಎಂದರೆ ನಿಶ್ಶಕ್ತಿ. ತೆಲುಗಿನವನು ‘ಕಳ್ಳು ತಿರುಗುತುನ್ನಾಯಿ’ ಎಂದು ಹೇಳಿದರೆ ತಲೆ ಸುತ್ತುತ್ತಿದೆಯೆಂದು ಅರ್ಥ. ಅಲ್ಲಿ ‘ಕಳ್ಳು’ ಎಂಬುದು ಕಣ್ಣುಗಳು. ಕನ್ನಡದ ಕಿವಿಗೆ ಅದು ಈಚಲ ಮರದಿಂದ ಇಳಿಸಿದ ಪಾನೀಯ. ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನಮ್ಮ ವೃದ್ಧರೊಬ್ಬರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಮೆಟ್ಟಲು ಹತ್ತಿದರೆ ಆಯಾಸವಾಗುತ್ತದೆಯೆಂದು ಹೇಳುತ್ತಾರೆಂದು ಇಟ್ಟುಕೊಳ್ಳೋಣ. ಅದು ದಣಿವೋ ಏದುಸಿರೋ? ಏದುಸಿರಾದರೆ ಹೃದಯವನ್ನೂ ಶ್ವಾಸಕೋಶವನ್ನೂ ಪರೀಕ್ಷಿಸಬೇಕು. ದಣಿವಾದರೆ ರಕ್ತಹೀನತೆಯೋ ಸಕ್ಕರೆಯ ಕಾಯಿಲೆಯೋ ಎಂದು ನೋಡಬೇಕು. ಮುಖ ನೋಡಿದ ವೈದ್ಯನು ಮರುಪ್ರಶ್ನೆ ಹಾಕಿ ತಿಳಿದಾನು. ಕೋಣೆಯ ಮೂಲೆಯಲ್ಲಿ ಕೇಳುತ್ತಿರುವ ಯಂತ್ರವು ಎರಡರಲ್ಲೊಂದನ್ನು ಬರೆದುಬಿಟ್ಟರೆ, ನಾಳೆ ಬೇರೆ ಊರಿನ ಬೇರೆ ವೈದ್ಯನು ಆ ಹಾಳೆಯನ್ನೇ ಪ್ರಮಾಣವೆಂದು ನಂಬುತ್ತಾನೆ. ಎರಡು ಭಾಷೆಗಳ ನಡುವೆ ಬಾಳಿದವರ ಕಿವಿಯು ಮಾತ್ರ ಇಲ್ಲಿ ಎಚ್ಚರಿಸಬಲ್ಲದು.

ಯಂತ್ರಕ್ಕೆ ನಮ್ಮ ಭಾಷೆಗಳನ್ನು ಕಲಿಸುವ ಪ್ರಯತ್ನ ನಡೆಯುತ್ತಿಲ್ಲವೆಂದಲ್ಲ. ಕೇಂದ್ರ ಸರಕಾರವು ೨೦೨೨ರಲ್ಲಿ ಆರಂಭಿಸಿದ ‘ಭಾಷಿಣಿ’ಯೂ, ಮದರಾಸಿನ ಐ.ಐ.ಟಿ.ಯ ವಿದ್ವಾಂಸರ ಕಾರ್ಯವೂ ಪ್ರಶಂಸನೀಯವಾದವು. ಆದರೆ ಯಂತ್ರವು ಕಲಿಯುವುದು ಯಾರಿಂದ? ಮಾತನ್ನು ಕೇಳಿ, ಸರಿಯಾದ ಬರಹವನ್ನು ಮುಂದಿಟ್ಟು, ಇದು ಹೀಗೆ ಎಂದು ತೋರಿಸುವ ಮನುಷ್ಯರಿಂದ. ಇಪ್ಪತ್ತು ವರ್ಷ ವೈದ್ಯಕೀಯ ಪದಗಳನ್ನು ಕೇಳಿ ಪಳಗಿದ, ತೆಲುಗು ಕನ್ನಡಗಳೆರಡನ್ನೂ ಬಲ್ಲ, ಇಂಗ್ಲಿಷಿನಲ್ಲಿ ಶುದ್ಧವಾಗಿ ಬರೆಯಬಲ್ಲ ಕೆಲಸಗಾರರಿಗಿಂತ ಇದಕ್ಕೆ ಯೋಗ್ಯರು ಎಲ್ಲಿ ಸಿಕ್ಕಾರು? ಅವರನ್ನು ಮನೆಗೆ ಕಳುಹಿಸಿ, ಅವರ ಕೆಲಸವನ್ನು ಮಾಡುವ ಯಂತ್ರವನ್ನು ಹೊರಗಿನಿಂದ ತರಿಸುವುದು ವಿವೇಕವಲ್ಲ. ದತ್ತಾಂಶ ಕೇಂದ್ರಗಳನ್ನು ಕಟ್ಟಲು ಬಹಳ ಜನ ಬೇಕಾದರೂ ನಡೆಸಲು ಕೆಲವರೇ ಸಾಕೆಂಬುದು ಲೋಕದ ಅನುಭವ. ಆದುದರಿಂದ ವಿಶಾಖಪಟ್ಟಣಕ್ಕೆ ಬರುವ ಯಂತ್ರಗಳ ಜೊತೆಯಲ್ಲಿ, ಅವುಗಳ ಬರಹವನ್ನು ಪರೀಕ್ಷಿಸುವ ವಿದ್ಯೆಯೂ ಇಲ್ಲಿ ಬೆಳೆಯುವಂತೆ ರಾಜ್ಯ ಸರಕಾರವು ನೋಡಿಕೊಳ್ಳಬೇಕು. ವಿಜಯವಾಡದಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಇಂದು ಡಾ. ಎನ್.ಟಿ.ಆರ್. ಅವರ ಹೆಸರಿನಲ್ಲಿ ನಡೆಯುತ್ತಿದೆ. ವೈದ್ಯಕೀಯ ದಾಖಲೆಗಳ ಪರಿಶೀಲನೆಯನ್ನು ಕಲಿಸುವ ಒಂದು ಕಿರು ಶಿಕ್ಷಣಕ್ರಮವನ್ನು, ಈಗಾಗಲೇ ಕಸುಬಿನಲ್ಲಿ ಪಳಗಿದವರಿಗಾಗಿ, ಅದು ಆರಂಭಿಸುವುದು ಅಸಾಧ್ಯವಲ್ಲ.

ಉದ್ಯಮದ ಒಡೆಯರಿಗೂ ಒಂದು ಮಾತು. ಯಂತ್ರದ ಕರಡನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಸುಲಭವೆಂಬ ನೆಪದಿಂದ ಸಾಲಿನ ದರವನ್ನು ಇಳಿಸಲಾಗಿದೆ. ಬೆರಳಿಗೆ ಶ್ರಮ ಕಡಿಮೆಯಿರಬಹುದು. ಆದರೆ ನಯವಾದ ವಾಕ್ಯದೊಳಗೆ ಅಡಗಿದ ಸುಳ್ಳನ್ನು ಹುಡುಕುವುದು ಬರೆಯುವುದಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ತಪ್ಪು ಉಳಿದರೆ ಬಯ್ಗಳು ಹಿಂದಿನಷ್ಟೇ. ದರ ಅರ್ಧ, ಹೊಣೆ ಪೂರ್ತಿ ಎಂಬುದು ನ್ಯಾಯವಲ್ಲ. ದರ ಇಳಿದಷ್ಟೂ ಕೆಲಸಗಾರನು ಹೊಟ್ಟೆಪಾಡಿಗಾಗಿ ಹೆಚ್ಚು ಸಾಲುಗಳನ್ನು ಓಡಿಸುತ್ತಾನೆ. ಓಡಿಸಿದಷ್ಟೂ ಕಣ್ಣು ತಪ್ಪುತ್ತದೆ. ಎಂಟನ್ನು ಎಂಬತ್ತಾಗಿಸುವ ದಾರಿ ಇದೇ. ತಿದ್ದುವ ಕೆಲಸಕ್ಕೆ ಸಾಲಿನ ಲೆಕ್ಕವನ್ನು ಬಿಟ್ಟು ಸಮಯದ ಲೆಕ್ಕದಲ್ಲಿ ವೇತನ ಕೊಡುವುದು ಉಚಿತವೆಂದು ನಾವು ಅಭಿಪ್ರಾಯಪಡುತ್ತೇವೆ.

ತಂದೆತಾಯಿಗಳಿಗೂ ಕೆಲವು ಹಿತವಚನಗಳನ್ನು ಹೇಳಬೇಕಾಗಿದೆ. ಮೂರು ತಿಂಗಳಲ್ಲಿ ಟ್ರಾನ್ಸ್‌ಕ್ರಿಪ್ಷನ್ ಕಲಿಸಿ ಕೆಲಸ ಕೊಡಿಸುತ್ತೇವೆಂದು ದೊಡ್ಡ ಶುಲ್ಕ ಕೇಳುವ ಶಾಲೆ ಇನ್ನೂ ಕಂಡುಬಂದರೆ, ಹಣ ಕಟ್ಟುವ ಮೊದಲು ಹೋದ ವರ್ಷ ಎಷ್ಟು ಮಂದಿಗೆ, ಎಲ್ಲಿ, ಎಷ್ಟು ಸಂಬಳಕ್ಕೆ ಕೆಲಸ ದೊರಕಿತೆಂದು ಕೇಳಿರಿ. ಉತ್ತರ ಬಾರದಿದ್ದರೆ ಹಿಂತಿರುಗಿರಿ. ಅಮೆರಿಕದ ಕಾರ್ಮಿಕ ಇಲಾಖೆಯೇ ಈ ಕಸುಬು ಇಳಿಮುಖವಾಗಿದೆಯೆಂದು ಅಂದಾಜು ಮಾಡಿದೆ. ಬರಿಯ ಟೈಪಿಂಗನ್ನು ನಂಬಿ ಹೊಸಬರು ಈ ದಾರಿ ಹಿಡಿಯುವುದು ಈಗ ಸರಿಯಲ್ಲ. ಈಗಾಗಲೇ ಕಸುಬಿನಲ್ಲಿರುವವರು ಎದೆಗುಂದಬೇಕಾಗಿಲ್ಲ. ಶರೀರಶಾಸ್ತ್ರ, ಔಷಧಗಳ ಹೆಸರು ಮತ್ತು ಪ್ರಮಾಣ, ರೋಗಗಳ ಸಂಕೇತಪದ್ಧತಿಯಾದ ಕೋಡಿಂಗ್ ಇವುಗಳಲ್ಲಿ ತಮ್ಮ ತಿಳಿವಳಿಕೆಯನ್ನು ಹೆಚ್ಚಿಸಿಕೊಳ್ಳಲಿ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುವ ಅಭ್ಯಾಸವನ್ನು ಕೀಳೆಂದು ಬಿಡದಿರಲಿ. ನಾಳೆ ಅದಕ್ಕೇ ಬೆಲೆ ಬರುವ ಸಂಭವವಿದೆ.

ಆಸ್ಪತ್ರೆಗಳಿಂದ ನಾವು ಅಪೇಕ್ಷಿಸುವುದು ನಾಲ್ಕೇ ಸಂಗತಿಗಳು. ರೋಗಿಯ ಮಾತನ್ನು ಯಂತ್ರವು ಆಲಿಸುತ್ತಿದ್ದರೆ ಅದನ್ನು ಅವನ ಭಾಷೆಯಲ್ಲಿ ಅವನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯ ಆಶಯವೂ ಅದೇ. ಯಂತ್ರವು ಬರೆದ ಟಿಪ್ಪಣಿಯ ಮೇಲೆ ಅದು ಯಂತ್ರದ ಬರಹವೆಂದು ನಮೂದಿಸಬೇಕು. ವೈದ್ಯರ ಹೆಸರಿನೊಡನೆ, ಅದನ್ನು ಓದಿ ಪರಿಶೀಲಿಸಿದ ವ್ಯಕ್ತಿಯ ಹೆಸರೂ ಇರಬೇಕು. ಪರಿಶೀಲನೆ ಮುಗಿಯುವವರೆಗೆ ಮೂಲಧ್ವನಿಯನ್ನು ಅಳಿಸಬಾರದು. ಇವುಗಳಲ್ಲಿ ಯಾವುದಕ್ಕೂ ಭಾರಿ ಖರ್ಚಿಲ್ಲ.

ಓದುಗರು ತಾವೂ ಎಚ್ಚರದಿಂದಿರಬೇಕು. 2002ರ ವೈದ್ಯರ ನಡವಳಿಕೆಯ ನಿಯಮಾವಳಿಯಂತೆ, ಒಳರೋಗಿಯ ದಾಖಲೆಗಳನ್ನು ವೈದ್ಯರು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು. ರೋಗಿಯಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದರೆ ೭೨ ಗಂಟೆಗಳೊಳಗೆ ಒದಗಿಸಬೇಕು. ಆಸ್ಪತ್ರೆಯಿಂದ ಹೊರಡುವಾಗ ಬಿಲ್ಲಿನ ಮೊತ್ತವನ್ನು ನೋಡುವಷ್ಟೇ ಗಮನದಿಂದ ಡಿಸ್ಚಾರ್ಜ್ ಹಾಳೆಯನ್ನೂ ನೋಡಿರಿ. ಔಷಧದ ಹೆಸರು, ಪ್ರಮಾಣ, ದಿನಕ್ಕೆಷ್ಟು ಸಲ ಎಂಬುದನ್ನು ಅಲ್ಲಿಯೇ ಓದಿಸಿ ಕೇಳಿರಿ. ತಾವು ಹೇಳಿದ ನೋವು ಅಲ್ಲಿ ಬರೆದ ನೋವಿಗೆ ಹೊಂದದಿದ್ದರೆ ಸಂಕೋಚಪಡದೆ ಹೇಳಿರಿ. ಇಂಗ್ಲಿಷ್ ಬಾರದವರು ಮಕ್ಕಳನ್ನೋ ನೆರೆಯವರನ್ನೋ ಕರೆದೊಯ್ಯಲಿ.

ಯಂತ್ರವು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ನಿನ ಬರೆಯುವ ಭಾಗವನ್ನು ಬಹುಮಟ್ಟಿಗೆ ತೆಗೆದುಕೊಂಡಿದೆ, ಉಳಿದುದನ್ನೂ ತೆಗೆದುಕೊಳ್ಳುವುದು. ಅದಕ್ಕಾಗಿ ಶೋಕಿಸುವುದರಿಂದ ಪ್ರಯೋಜನವಿಲ್ಲ. ಆದರೆ ಓದಿ, ಸಂಶಯಪಟ್ಟು, ಕೇಳಿ ತಿಳಿದು, ಹೊಣೆ ಹೊರುವ ಭಾಗವನ್ನು ಯಂತ್ರಕ್ಕೆ ಒಪ್ಪಿಸುವ ಅಧಿಕಾರವನ್ನು ರೋಗಿಗಳು ಯಾರಿಗೂ ಕೊಟ್ಟಿಲ್ಲ. ಆ ಭಾಗವನ್ನು ಇಂದಿಗೂ ನಿರ್ವಹಿಸುತ್ತಿರುವವರು ವಿಶಾಖಪಟ್ಟಣ, ವಿಜಯವಾಡಗಳ ಬಾಡಿಗೆ ಮನೆಗಳಲ್ಲಿ, ಇಳಿದ ದರಕ್ಕೆ, ದುಡಿಯುತ್ತಿದ್ದಾರೆ. ಅವರನ್ನು ಕಳೆದುಕೊಂಡ ಮೇಲೆ ಹುಡುಕುವುದಕ್ಕಿಂತ ಈಗಲೇ ಉಳಿಸಿಕೊಳ್ಳುವುದು ಲೇಸು. ರಾಜ್ಯ ಸರಕಾರ, ಆಸ್ಪತ್ರೆಗಳು ಮತ್ತು ಉದ್ಯಮದವರು ಈ ವಿಷಯದ ಕಡೆಗೆ ತಡಮಾಡದೆ ಗಮನ ಹರಿಸುವರೆಂದು ನಾವು ಆಶಿಸುತ್ತೇವೆ.